ಹಳದಿ ಪಟ್ಟಿಯ ಕಾವಲುಗಾರ್ತಿ

ಗೋಧಿಯ ಗರಿಗಳ ಮೇಲೆ ಬೆಳಗಿನ ಹಿಮ ಇನ್ನೂ ಕರಗಿಲ್ಲ. ಬೇಲಿಯ ಈಚೆ, ಮೇವಿನ ಹೊಲದಲ್ಲಿ, ಗ್ಲೆನಿಸ್ ಹೈನ್ರಿಕ್ ಒಂದು ಮೊಣಕಾಲನ್ನು ಹಳೆಯ ಸೋಫಾ ದಿಂಬಿನ ಮೇಲೂರಿ ಕೂತಿದ್ದಾರೆ. ಮುಂದೆ ನೆಲದ ಮೇಲೆ ಕಬ್ಬಿಣದ ಸರಳಿನ ಒಂದು ಚೌಕ. ಕುರಿಯ ಉಣ್ಣೆ ಕತ್ತರಿಸುವ ಕೈಗತ್ತರಿ ಹಿಡಿದು ಚೌಕದೊಳಗಿನ ಸೊಪ್ಪನ್ನೆಲ್ಲ ಬುಡಮಟ್ಟ ಕತ್ತರಿಸಿ ಕಾಗದದ ಚೀಲಕ್ಕೆ ತುಂಬುತ್ತಾರೆ. ಚೌಕ ಎತ್ತುತ್ತಾರೆ, ಒಂದಷ್ಟು ಹೆಜ್ಜೆ ನಡೆಯುತ್ತಾರೆ, ಮತ್ತೆ ದಿಂಬು, ಮತ್ತೆ ಮೊಣಕಾಲು. ಬಾಯಲ್ಲಿ ಕರ್ಚೀಫಿನಂಥ ಏನನ್ನೋ ಕಚ್ಚಿಕೊಂಡಿದ್ದಾರಲ್ಲ ಎಂದು ನೋಡಿದರೆ, ಅದು ಮುಂದಿನ ಚೀಲ.

"ಮಾತಾಡು, ಪರ್ವಾಗಿಲ್ಲ," ಎಂದು ಚೀಲ ತೆಗೆದು ನನಗೆ ಹೇಳುತ್ತಾರೆ. "ಕತ್ತರಿಗೂ ಕಿವಿಗೂ ಸಂಬಂಧ ಇಲ್ಲ."

ದಕ್ಷಿಣ ಆಸ್ಟ್ರೇಲಿಯಾದ ಈ ಮ್ಯಾಲಿ ಸೀಮೆಯಲ್ಲಿ, ಯರ್ರಾಕಿ ಎಂಬ ನಮ್ಮ ಪುಟ್ಟ ಊರಿನಲ್ಲಿ, ನಾನು ಔಷಧದಂಗಡಿ ನಡೆಸುತ್ತೇನೆ. ಗ್ಲೆನಿಸ್ ನನಗೆ ಮೊದಲು ಗೊತ್ತಾಗಿದ್ದು ಮೊಣಕಾಲಿನ ಮುಲಾಮಿನ ಮೂಲಕ. ಒಣಬೇಸಾಯದ ಸಂಶೋಧನಾ ಕೇಂದ್ರದಲ್ಲಿ ಇವರು ಕ್ಷೇತ್ರ ಸಹಾಯಕಿ. ಯೋಚನೆ ನಗರದ ವಿಜ್ಞಾನಿಗಳದ್ದು, ಒಳ್ಳೆಯ ಯೋಚನೆಗಳೇ. ಆದರೆ ಆ ಯೋಚನೆಯನ್ನು ಮರಳಿಗೆ ಬಿತ್ತುವವರು, ಕುರಿಯಿಂದ ಕಾಯುವವರು, ಕತ್ತರಿಸಿ ಒಣಗಿಸಿ ತೂಗುವವರು ಗ್ಲೆನಿಸ್. ಮೂವತ್ತು ವರ್ಷ ಮಂಡಿಯೂರಿದ ಮೇಲೆ ಎಡ ಮೊಣಕಾಲು ಕೈಕೊಟ್ಟಿತು. ಚಳಿಗಾಲವಿಡೀ ಶಸ್ತ್ರಚಿಕಿತ್ಸೆ, ಆರೈಕೆ ಎಂದು ಮನೆಯಲ್ಲಿದ್ದವರು ಇವತ್ತೇ ಮೊದಲ ಸಲ ಹೊಲಕ್ಕೆ ಕಾಲಿಟ್ಟಿದ್ದಾರೆ. ಹೊಲ ಬೇರೆಯವರದ್ದು, ಕ್ಲೆಮ್ ನೋಸ್ಕಿಯದ್ದು. ಕ್ಲೆಮ್ ಇವರ ಜೊತೆ ಒಂದೇ ಶಾಲಾ ಬಸ್ಸಿನಲ್ಲಿ ಬೆಳೆದವನು.

ಬರುವ ಗುರುವಾರ ಇಲ್ಲಿ ಕ್ಷೇತ್ರೋತ್ಸವ. ಸುತ್ತಲಿನ ರೈತರೆಲ್ಲ ಬಂದು ಬೆಳೆ ನೋಡಿ, ಪ್ರಯೋಗವನ್ನು ಇನ್ನೊಂದು ಸುತ್ತು ನಡೆಸುವುದೋ, ನಿಲ್ಲಿಸಿ ಹೊಲವನ್ನು ಮಸೂರ ಬೇಳೆಗೆ ಬಿಡುವುದೋ ಎಂದು ಕೈಯೆತ್ತಿ ತೀರ್ಮಾನಿಸುತ್ತಾರೆ. ಊರಿನ ಗಾಳಿ ಎತ್ತ ಬೀಸುತ್ತಿದೆ ಎಂದು ನನ್ನ ಅಂಗಡಿಯಲ್ಲೇ ತಿಳಿಯುತ್ತದೆ. ನಿಲ್ಲಿಸುವ ಕಡೆಗೇ.

ಪ್ರಯೋಗ ಏನು ಎಂದರೆ ಸರಳ. ನಮ್ಮದು ಮರಳು ದಿಬ್ಬಗಳ ನಾಡು. ವರ್ಷಕ್ಕೆ ಹನ್ನೆರಡು ಅಂಗುಲ ಮಳೆಯಾದರೆ ಹಬ್ಬ. ಮರಳಿಗೆ ಸಾರ ಕಡಿಮೆ, ಗೋಧಿಗೆ ಹಸಿವು ಜಾಸ್ತಿ. ಆದ್ದರಿಂದ ಗೋಧಿಗೆ ಮೊದಲು ಮೂರು ವರ್ಷ ಸೆರಡೆಲ್ಲಾ ಎಂಬ ಮೇವಿನ ಬಳ್ಳಿ ಬೆಳೆಸಿ ಕುರಿ ಮೇಯಿಸುವುದು. ಹುರುಳಿ, ಅಲಸಂದೆಗಳ ದೂರದ ನೆಂಟ ಅದು. ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಕೂಡಿಟ್ಟು ಮುಂದಿನ ಬೆಳೆಗೆ ಬಿಟ್ಟುಹೋಗುತ್ತದೆ. ಅದರ ಬೀಜಕ್ಕೆ ಹೊರಕವಚ ಬಲು ಗಟ್ಟಿ. ಹೀಗಾಗಿ ಗ್ಲೆನಿಸ್ ಅದನ್ನು ಬಿತ್ತುವುದು ಇಲ್ಲಿನ ನಡುಬೇಸಿಗೆಯಾದ ಫೆಬ್ರವರಿಯ ಉರಿಬಿಸಿಲಿನಲ್ಲಿ, ಊರೆಲ್ಲ ಕ್ರಿಕೆಟ್ ಆಡುತ್ತಾ ನೆರಳು ಹುಡುಕುವ ಹೊತ್ತಿನಲ್ಲಿ. ಹಗಲ ಕಾವು, ರಾತ್ರಿಯ ತಂಪು ಸೇರಿ ಕವಚ ಬಿರಿಯಬೇಕು, ಆಮೇಲೆ ಮಳೆ ಬರಬೇಕು.

"ಮೊದಲ ವರ್ಷ ಧೂಳಲ್ಲಿ ಬೀಜ ಹಾಕ್ತಿದ್ದಾಗ ಕಾರು ನಿಲ್ಲಿಸಿ ಕೇಳಿದ್ರು, ಗ್ಲೆನಿಸ್, ಬಿಸಿಲು ಬಡೀತಾ ಅಂತ," ಎಂದು ನಗುತ್ತಾರೆ. "ನನಗಲ್ಲ, ಬೀಜಕ್ಕೆ ಬಡೀಲಿ ಅಂತಾನೇ ಕಣಪ್ಪ ಹಾಕ್ತಿರೋದು ಅಂದೆ."

ಈ ವರ್ಷ ಗೋಧಿಯ ಸರದಿ. ರಸ್ತೆಯಂಚಿನಿಂದ ದಿಬ್ಬ ಹತ್ತಿ ಆಚೆ ಇಳಿಯುವ ಉದ್ದುದ್ದ ಪಟ್ಟಿಗಳು. ಬಳ್ಳಿ ಬೆಳೆದ ಪಟ್ಟಿ, ಪಕ್ಕದಲ್ಲಿ ಬಳ್ಳಿ ಕಾಣದ ಬರೀ ಪಟ್ಟಿ. ಎರಡಕ್ಕೂ ಒಂದೇ ಗೋಧಿ, ಎರಡಕ್ಕೂ ಯೂರಿಯಾ ಇಲ್ಲ. ಬರೀ ಪಟ್ಟಿ ಸೊರಗಿ ಹಳದಿಯಾಗಿ ನಿಂತರೆ ಮಾತ್ರ ಬಳ್ಳಿ ಮಾಡಿದ ಉಪಕಾರ ಕಣ್ಣಿಗೆ ಕಾಣುತ್ತದೆ. ಆದರೆ ರಸ್ತೆಯಿಂದ ನೋಡಿದರೆ ಎರಡೂ ಪಟ್ಟಿ ಒಂದೇ ಹಸಿರು. ಮೂರು ವರ್ಷ ಬಳ್ಳಿ ಸಾಕಿದ್ದು ದಂಡ ಎಂದು ಊರು ಮಾತಾಡಿಕೊಳ್ಳುತ್ತಿರುವುದು ಅದಕ್ಕೇ.

ಕೊನೆಯ ಚೀಲ ಕಟ್ಟಿ ಗ್ಲೆನಿಸ್ ಬೇಲಿ ದಾಟುತ್ತಾರೆ. ಬರೀ ಪಟ್ಟಿಯ ಮುಂದೆ ನಿಲ್ಲುತ್ತಾರೆ. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಹೊಸ ಮೊಣಕಾಲನ್ನು ಎಳೆಯುತ್ತಾ ದಿಬ್ಬ ಹತ್ತತೊಡಗುತ್ತಾರೆ. ನಾನು ಹಿಂದೆ. ನೆತ್ತಿ ತಲುಪಿ ಆಚೆ ಇಣುಕುತ್ತೇವೆ. ಗೆರೆ ಎಳೆದ ಹಾಗೆ, ನೆತ್ತಿಯಲ್ಲೇ ಹಸಿರು ಮುಗಿದು, ಆಚೆಯ ಇಳಿಜಾರಿನ ಬರೀ ಪಟ್ಟಿಯೆಲ್ಲ ಹಳದಿ. ಪಕ್ಕದ ಬಳ್ಳಿ ಪಟ್ಟಿ ಮಾತ್ರ ಎರಡು ಕಡೆಯೂ ಸೊಂಟದೆತ್ತರ, ಕಡುಹಸಿರು.

"ರಸ್ತೆಗೆ ಎಷ್ಟು ಕಾಣುತ್ತೋ ಅಷ್ಟಕ್ಕೆ ಮಾತ್ರ ಗೊಬ್ಬರ," ಎನ್ನುತ್ತಾರೆ ಗ್ಲೆನಿಸ್. ಧ್ವನಿಯಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಮುಖ ಮಾತ್ರ ಬಿಳಿಚಿದೆ.

ನಮ್ಮೂರಿನ ಒಂದು ಚಾಳಿ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಭಾನುವಾರ ಚರ್ಚು ಮುಗಿದ ಮೇಲೆ ಯಾರೂ ನೆಟ್ಟಗೆ ಮನೆಗೆ ಹೋಗುವುದಿಲ್ಲ. ಕಾರನ್ನು ಎತ್ತಿನಗಾಡಿಯ ವೇಗಕ್ಕೆ ಇಳಿಸಿ, ಬೇಲಿಯಾಚೆಗಿನ ಪರರ ಬೆಳೆ ನೋಡುತ್ತಾ ಸುತ್ತು ಹಾಕುತ್ತಾರೆ. ಎದುರಿಗೆ ಸಿಕ್ಕವರಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ವಂದಿಸುತ್ತಾರೆ, ಒಳಗೆ ಕೂತ ಹೆಂಡತಿಗೆ ತೀರ್ಪು ಹೇಳುತ್ತಾರೆ. ಯಾರ ಸಾಲು ಸೊಟ್ಟ, ಯಾರ ಹೊಲದಲ್ಲಿ ಕಳೆ, ಎಲ್ಲ ಮಧ್ಯಾಹ್ನದ ಊಟದೊಳಗೆ ಊರಿಗೆ ಗೊತ್ತು. ಇಂಥ ಊರಿನಲ್ಲಿ, ರಸ್ತೆಯಂಚಿಗೆ, ಅಪ್ಪನ ಕಾಲದ ಹೊಲದಲ್ಲಿ ಬೇಕೆಂದೇ ಕೆಟ್ಟ ಬೆಳೆ ಇಟ್ಟುಕೊಂಡಿರು ಎಂದು ಒಬ್ಬ ರೈತನಿಗೆ ಹೇಳುವುದು ಸಣ್ಣ ಮಾತಲ್ಲ.

ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಕ್ಲೆಮ್ ನೋಸ್ಕಿ ಕೈಗೆ ಗ್ರೀಸು ಮೆತ್ತಿಕೊಂಡು ನಿಂತಿದ್ದಾನೆ.

"ಓಹೋ, ಬಂದ್ಯಾ! ಮಂಡಿ ಹೇಗಿದೆ?"

"ದಿಬ್ಬ ಹತ್ತುತ್ತೆ," ಎನ್ನುತ್ತಾರೆ ಗ್ಲೆನಿಸ್. "ಹತ್ತಿ ಆ ಕಡೆ ಇಳಿಯುತ್ತೆ ಕೂಡ."

ಕ್ಲೆಮ್ ಕೈ ಒರೆಸಿಕೊಳ್ಳುವ ಬಟ್ಟೆ ಹುಡುಕತೊಡಗುತ್ತಾನೆ. ಬಟ್ಟೆ ಅವನ ಹೆಗಲ ಮೇಲೇ ಇದೆ.

"ಯಾವಾಗ ಹಾಕ್ದೆ?"

"ಏನನ್ನ?"

"ಕ್ಲೆಮ್, ಸ್ಕೂಲ್ ಬಸ್ಸಲ್ಲೂ ನಿಂಗೆ ಸುಳ್ಳು ಹೇಳೋಕೆ ಬರ್ತಿರ್ಲಿಲ್ಲ. ಕಿವಿ ನೋಡ್ಕೋ, ಕೆಂಪಗಾಗಿದೆ."

ಮನೆಯ ಹಿತ್ತಿಲ ಬಾಗಿಲಿನಿಂದ ಅವನ ಹೆಂಡತಿ ಮರ್ಲೀನ್ ಕೂಗುತ್ತಾಳೆ: "ನಾನು ಆವತ್ತೇ ಬೇಡ ಅಂದೆ ಕಣೇ ಗ್ಲೆನಿಸ್! ನನ್ ಮಾತು ಯಾರ್ ಕೇಳ್ತಾರೆ ಈ ಮನೇಲಿ!"

"ನೀನು ಆಸ್ಪತ್ರೇಲಿದ್ದೆ," ಎಂದು ಕ್ಲೆಮ್ ಶುರುಮಾಡುತ್ತಾನೆ. "ಭಾನುವಾರ ಆದ್ರೆ ಸಾಕು, ಒಂದೊಂದೇ ಕಾರು ಅದೇ ಜಾಗಕ್ಕೆ ಬಂದು ನಿಧಾನ ಆಗೋದು. ಡಾರಿಲ್ ಬೇರೆ ಫುಟ್‌ಬಾಲ್ ಕ್ಲಬ್ಬಲ್ಲಿ ಎಲ್ಲರ ಮುಂದೆ, ಏನ್ ಕ್ಲೆಮ್, ಗೋಧಿ ಬಿತ್ತಿದೀಯೋ ಮರಳಿಗೆ ಬಣ್ಣ ಹೊಡೆದಿದೀಯೋ ಅಂದ. ಮಳೆ ಬರೋ ಹಾಗಿತ್ತು, ಎರಚೋ ಯಂತ್ರ ಹೊರಗೇ ಇತ್ತು. ಕೈ ತಡೀಲಿಲ್ಲ. ಆಮೇಲೆ ಹಸಿರಾದಾಗ ಮಳೆಯಿಂದ ಅಂತ ಎಲ್ಲ ಅಂದ್ಕೊಂಡ್ರು."

"ಮತ್ತೆ ದಿಬ್ಬದ ಆ ಕಡೆ ಯಾಕೆ ಬಿಟ್ಟೆ?"

"ಆ ಕಡೆ ಯಾರಿಗೆ ಕಾಣುತ್ತೆ?" ಕ್ಲೆಮ್ ನಿಜವಾಗಿಯೂ ಆಶ್ಚರ್ಯದಿಂದ ಕೇಳುತ್ತಾನೆ. "ಸುಮ್ನೆ ಯಾಕೆ ಯೂರಿಯಾ ದಂಡ?"

ಗ್ಲೆನಿಸ್‌ಗೆ ನಗು ತಡೆಯಲಾಗುವುದಿಲ್ಲ. ನಕ್ಕು ಮುಗಿದ ಮೇಲೆ ಬರುವುದು ಮಾತ್ರ ಬೇರೆ ಧ್ವನಿ.

"ಹಾಕಿದ್ದಕ್ಕೆ ನಂಗೆ ಸಿಟ್ಟಿಲ್ಲ ಕಣೋ. ನೀನು ರೈತ, ಹಸಿದ ಬೆಳೆ ನೋಡೋಕಾಗ್ಲಿಲ್ಲ. ಆದ್ರೆ ಊರೆಲ್ಲ ಬಳ್ಳಿ ಕೆಲಸಕ್ಕೆ ಬರಲ್ಲ ಅಂತಿದೆ. ನೀನು ಅದನ್ನ ಕೇಳಿಸ್ಕೊಂಡು ಬಾಯಿ ಮುಚ್ಕೊಂಡು ಕೂತೆಯಲ್ಲ, ಅದು ನಂಗೆ ನೋವು."

ಕ್ಲೆಮ್ ಬೂಟಿನ ತುದಿ ನೋಡುತ್ತಾನೆ.

"ಗುರುವಾರ ಯೂರಿಯಾ ಬಿದ್ದಿದೆ ಅಂತ ಹೇಳ್ತೀನಿ. ಹೇಳಲೇಬೇಕು. ಯಾರ ಹೆಸರೂ ಎತ್ತಲ್ಲ."

"ಯಾರು ಹಾಕಿದ್ದು ಅಂತ ಕೇಳ್ತಾರೆ."

"ಕೇಳ್ತಾರೆ," ಎನ್ನುತ್ತಾರೆ ಗ್ಲೆನಿಸ್, ಮತ್ತು ಟೀ ಕೂಡ ಕುಡಿಯದೆ ಹೊರಡುತ್ತಾರೆ. ಮರ್ಲೀನಳ ಮನೆಯಲ್ಲಿ ಟೀ ಕುಡಿಯದೆ ಹೊರಟವರು ಹಿಂದೆಂದೂ ಇಲ್ಲ.

ಮರಳಿನ ಬಗ್ಗೆ ಗ್ಲೆನಿಸ್‌ಗೆ ಇಷ್ಟು ಹಠ ಏಕೆ ಎಂದು ಕೇಂದ್ರದ ಒಣಗಿಸುವ ಒಲೆಯ ಪಕ್ಕ ಕೂತು ಕೇಳುತ್ತೇನೆ. ಕಟ್ಟಡದ ತುಂಬ ಹುಲ್ಲಿನ ವಾಸನೆ. ಬೆಳಗಿನ ಚೀಲಗಳನ್ನು ಮೇಜಿನ ಮೇಲೆ ಸುರಿದು ಬಳ್ಳಿ ಬೇರೆ, ಹುಲ್ಲು ಬೇರೆ, ಕಳೆ ಬೇರೆ ಎಂದು ಅಕ್ಕಿಯ ಕಲ್ಲು ಆರಿಸಿದಂತೆ ಆರಿಸುತ್ತಾರೆ. ಒಣಗಿಸಿ ತೂಗಿದರೆ ಆ ಹೊಲ ಎಷ್ಟು ಕುರಿಯನ್ನು ಸಾಕಬಲ್ಲದು ಎಂದು ಗೊತ್ತಾಗುತ್ತದೆ. ದಿನಕ್ಕೆ ನಲವತ್ತು ಚೀಲವಾದರೂ ಇರುತ್ತದೆ.

"ನಮ್ಮಪ್ಪ ವರ್ಷಾ ವರ್ಷಾ ಅದೇ ದಿಬ್ಬ ಉಳ್ತಿದ್ರು," ಎನ್ನುತ್ತಾರೆ. "ಗಾಳಿ ಬಂದ್ರೆ ಮರಳು ಎದ್ದು ಬೇಲಿ ಮುಚ್ಚೋದು. ಅಪ್ಪ ಅದರ ಮೇಲೆ ಇನ್ನೊಂದು ಬೇಲಿ ಹಾಕೋರು. ಅದೂ ಮುಚ್ಚೋದು. ಅಮ್ಮ ಅಡುಗೆಮನೆಯಿಂದ ಸಲಿಕೇಲಿ ಮರಳು ಎತ್ತಿ ಹಾಕೋಳು, ನಾವು ಕಣ್ಣುಜ್ಜಿಕೊಂಡು ಬಸ್ ಹತ್ತುತ್ತಿದ್ವಿ. ದಿಬ್ಬದ ಮೇಲೆ ವರ್ಷವಿಡೀ ಏನಾದ್ರೂ ಬೇರು ಇರ್ಬೇಕು, ಕುರಿಗೂ ಅನ್ನ ಆಗ್ಬೇಕು. ಅಷ್ಟೇ ನನ್ ಹಠ."

ಆ ಹಠದಿಂದ ಹುಟ್ಟಿದ ವರದಿಗಳಲ್ಲಿ ಇವರ ಹೆಸರು ಎಲ್ಲೂ ಇಲ್ಲ. ಕೇಳಿದರೆ, "ಹೆಸರು ಯಾಕೆ, ಊರಿಗೆಲ್ಲ ನನ್ ದಿಂಬು ಗೊತ್ತು," ಎಂದು ಮಾತು ಹಾರಿಸುತ್ತಾರೆ.

ಗುರುವಾರ. ಕ್ಲೆಮ್‌ನ ಬೇಲಿಯುದ್ದಕ್ಕೂ ಧೂಳು ಹಿಡಿದ ಗಾಡಿಗಳು. ಟೋಪಿ ಹಾಕಿದ ಐವತ್ತು ಜನ ಕೈಯನ್ನು ಜೇಬಿಗಿಳಿಸಿ ಹಸಿರು ಪಟ್ಟಿಗಳ ಮುಂದೆ ನಿಂತಿದ್ದಾರೆ. "ಹೇಳಮ್ಮ ಗ್ಲೆನಿಸ್, ಇದರಲ್ಲಿ ಬಳ್ಳಿ ಯಾವ್ದು, ಬರೀದು ಯಾವ್ದು?" ಎಂದು, ಕ್ಲಬ್ಬಿನಲ್ಲಿ ಕ್ಲೆಮ್‌ನನ್ನು ಹಂಗಿಸಿದ್ದ ರೈತ ಡಾರಿಲ್ ಕೇಳುತ್ತಾನೆ. ನಗು ಏಳುತ್ತದೆ.

"ಕೆಳಗೆ ನಿಂತು ನೋಡಿದ್ದು ಸಾಕು, ಹತ್ತಿ ಬನ್ರಪ್ಪ," ಎಂದು ಗ್ಲೆನಿಸ್ ಮುಂದೆ ನಡೆಯುತ್ತಾರೆ. ಮೊಣಕಾಲು ಬದಲಿಸಿಕೊಂಡ ಹೆಂಗಸು ದಿಬ್ಬ ಹತ್ತುತ್ತಿರುವಾಗ ಕೆಳಗೆ ಉಳಿಯುವುದಕ್ಕೆ ಯಾರಿಗೂ ಮುಖವಿಲ್ಲ. ನೆತ್ತಿಯಲ್ಲಿ ಐವತ್ತು ಜನರೂ ಟೋಪಿಯಂಚು ಎತ್ತಿ ಆಚೆಯ ಹಳದಿಯನ್ನು ನೋಡುತ್ತಾರೆ.

"ಬರೀ ಪಟ್ಟಿಗೆ ರಸ್ತೆ ಕಡೆಯಿಂದ ಇಲ್ಲಿವರೆಗೆ ಯೂರಿಯಾ ಬಿದ್ದಿದೆ," ಎಂದು ಗ್ಲೆನಿಸ್ ಹೇಳುತ್ತಾರೆ. "ಆ ಅರ್ಧ ನಮ್ಮ ಲೆಕ್ಕದಿಂದ ಹೋಯ್ತು. ಉಳಿದಿದ್ದು ಈ ಕಡೇದು ಮಾತ್ರ. ಒಂದೇ ಹೊಲ, ಒಂದೇ ವರ್ಷ, ಇಷ್ಟರಲ್ಲೇ ಗೆದ್ವಿ ಅಂತ ನಾನು ಹೇಳಲ್ಲ. ನೀವೇ ನೋಡಿ."

"ಯಾರು ಹಾಕಿದ್ದು ಯೂರಿಯಾ?"

ಗ್ಲೆನಿಸ್ ಟೋಪಿ ಸರಿಮಾಡಿಕೊಳ್ಳುತ್ತಾರೆ. ಹಿಂದಿನಿಂದ ಒಂದು ಕೆಮ್ಮು ಕೇಳುತ್ತದೆ.

"ನಾನು," ಎನ್ನುತ್ತಾನೆ ಕ್ಲೆಮ್. "ನಾಚಿಕೆಯಾಯ್ತು, ಹಾಕ್ದೆ. ಡಾರಿಲ್, ನಿನ್ ಬಾಯಿಂದಾನೇ ಹಾಕಿದ್ದು. ಬಳ್ಳಿ ದಂಡ ಅಂತ ನೀವೆಲ್ಲ ಅಂದಾಗ ನಾನು ಸುಮ್ನಿದ್ದೆ. ಅದು ತಪ್ಪು." ಅವನ ಕಿವಿಗಳು ದಿಬ್ಬದ ಕೆಳಗಿನಿಂದಲೂ ಕಾಣುವಷ್ಟು ಕೆಂಪು.

ಡಾರಿಲ್ ನಗುವುದಿಲ್ಲ. ಅತ್ತ ಒಮ್ಮೆ, ಇತ್ತ ಒಮ್ಮೆ ನೋಡುತ್ತಾನೆ. "ಒಂದ್ ನಿಮಿಷ. ರಸ್ತೆ ಕಡೆ ಅಷ್ಟು ಯೂರಿಯಾ ಸುರಿದ್ರೂ ಬರೀ ಪಟ್ಟಿ ಬಳ್ಳಿ ಪಟ್ಟಿಯ ಸಮಕ್ಕೆ ಬಂದಿದೆ, ಅಷ್ಟೇನಾ? ಬಳ್ಳಿ ಪಟ್ಟಿಗೆ ಏನ್ ಹಾಕಿದ್ರಿ?"

"ಏನೂ ಇಲ್ಲ. ಮೂರು ವರ್ಷ ಕುರಿ ಬಿಟ್ವಿ."

ಆಮೇಲೆ ಹೆಚ್ಚು ಮಾತು ಬೇಕಾಗಲಿಲ್ಲ. ಕೊಟ್ಟಿಗೆಯಲ್ಲಿ ಸುಟ್ಟ ಕುರಿಮಾಂಸ, ಮರ್ಲೀನಳ ಸ್ಟ್ರೂಸೆಲ್ ಕೇಕು ಮುಗಿಸಿ ಕೈಯೆತ್ತಿದಾಗ ಇನ್ನೊಂದು ಸುತ್ತಿಗೆ ಒಪ್ಪಿಗೆ ಸಿಕ್ಕಿದೆ. ಡಾರಿಲ್ ತನ್ನ ಕೆಟ್ಟ ದಿಬ್ಬವೊಂದನ್ನೂ ಕೊಡುತ್ತಾನಂತೆ. ಬರೀ ಪಟ್ಟಿಯನ್ನು ಮತ್ತೆ ರಸ್ತೆಯಂಚಿಗೇ ಇಡಬೇಕೆಂದು ಹಠ ಹಿಡಿದವನು ಕ್ಲೆಮ್. ಗ್ಲೆನಿಸ್ ಮರ್ಲೀನಳ ಅಡುಗೆಮನೆಯಲ್ಲಿ ಕೂತು ಎರಡು ಲೋಟ ಟೀ ಕುಡಿದದ್ದನ್ನು ನಾನೇ ನೋಡಿದೆ.

ಭಾನುವಾರ ಚರ್ಚಿನಿಂದ ಗ್ಲೆನಿಸ್ ನನ್ನ ಕಾರಿನಲ್ಲಿ ಬರುತ್ತಾರೆ. ಕ್ಲೆಮ್‌ನ ಬೇಲಿಯ ಬಳಿ ಮೂರು ಕಾರು ನಿಂತಿವೆ, ಯಾರೋ ಚರ್ಚಿನ ಬೂಟಿನಲ್ಲೇ ದಿಬ್ಬ ಹತ್ತುತ್ತಿದ್ದಾರೆ. ಬೇಲಿಗೆ ಡ್ರಮ್ಮಿನ ಹಳೆಯ ಮುಚ್ಚಳವೊಂದನ್ನು ತಂತಿಯಿಂದ ಬಿಗಿದಿದ್ದಾರೆ. ಅದರ ಮೇಲೆ ಕುರಿಗೆ ಗುರುತು ಹಾಕುವ ಬಣ್ಣದಲ್ಲಿ ಕ್ಲೆಮ್‌ನ ದಪ್ಪ ಅಕ್ಷರ: ಇಲ್ಲಿ ಯೂರಿಯಾ ಹಾಕಿದ್ದು ನಾನು. ನಿಜ ನೋಡಬೇಕಾದರೆ ದಿಬ್ಬ ಹತ್ತಿ.

ಗ್ಲೆನಿಸ್ ಅದನ್ನು ಎರಡು ಸಲ ಓದುತ್ತಾರೆ. ಕಣ್ಣಂಚು ಒದ್ದೆಯಾಗಿದೆ, ಧೂಳು ಎನ್ನುತ್ತಾರೆ. ಇನ್ನೇನು ಆಸೆ ನಿಮಗೆ ಎಂದು ಕೇಳುತ್ತೇನೆ.

"ಮುಂದಿನ ಸಲ ಆ ಪಟ್ಟಿ ರಸ್ತೆವರೆಗೂ ಹಳದಿ ಇರ್ಬೇಕು, ಯಾರೂ ಕರುಣೆ ತೋರಿಸ್ಬಾರ್ದು," ಎನ್ನುತ್ತಾರೆ. ಎದುರಿನ ಕಾರಿಗೆ ಒಂದು ಬೆರಳೆತ್ತಿ, ಸೀಟಿಗೆ ಒರಗಿಕೊಳ್ಳುತ್ತಾರೆ. "ಒಳ್ಳೆ ಬೆಳೆ ಬೆಳೆಯೋರು ಈ ಸೀಮೇಲಿ ಎಷ್ಟೋ ಜನ ಇದ್ದಾರೆ. ಇಷ್ಟು ಕೆಟ್ಟ ಬೆಳೇನ ಇಷ್ಟು ಜೋಪಾನವಾಗಿ ನೋಡ್ಕೊಳ್ಳೋದು, ನೋಡು, ನಾನೊಬ್ಳೇ."