ಕೊಬ್ಬರಿ ಕೆನ್ನೆ

ಮುಖ ತೋರಿಸಲು ನಾಚುವ ಮನುಷ್ಯ ಹೋಗಿ ಹೋಗಿ ಸ್ಟೀಲ್ ಪಾತ್ರೆ ಅಂಗಡಿ ಇಡಬೇಕೆ? ಜರಗನಹಳ್ಳಿಯ ಮರುಳಸಿದ್ದಪ್ಪನವರದು ಅದೇ ಪಾಡು. ಬಿಂದಿಗೆ, ತಟ್ಟೆ, ಡಬರಿ, ಎಲ್ಲಿ ತಿರುಗಿದರೂ ಅವರದೇ ಮುಖ. ಪಾಪ, ಅಂಗಡಿ ಇಟ್ಟಾಗ ಮುಖ ಚೆನ್ನಾಗಿಯೇ ಇತ್ತು. ಹತ್ತು ವರ್ಷದ ಹಿಂದೆ ಮೇಲ್ದವಡೆಯಲ್ಲಿ ಗೆಡ್ಡೆ ಬಂತು; ಅದರ ಜೊತೆಗೆ ಒಂದಿಷ್ಟು ಮೂಳೆಯನ್ನೂ ತೆಗೆದರು. ಜೀವ ಉಳಿಯಿತು, ಬಲಗೆನ್ನೆ ಗುಳಿಬಿತ್ತು.

ಸುಮ್ಮನೆ ಕೂರುವ ಆಸಾಮಿಯಲ್ಲ ಅವರು. ಒಣಕೊಬ್ಬರಿಯನ್ನು ಚಾಕುವಿನಿಂದ ಕೆತ್ತಿ, ನುಣ್ಣಗೆ ಮಾಡಿ, ಕೆನ್ನೆಯೊಳಗೆ ಇಟ್ಟುಕೊಂಡರು. ಗುಳಿ ತುಂಬಿತು. ಅಂದಿನಿಂದ ದಿನಾ ಬೆಳಿಗ್ಗೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಇದೇ ಕೆಲಸ. ಹೆಂಡತಿ ಬಸವಲಿಂಗಮ್ಮನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮಗಳು ಸ್ಪಂದನಾಳಿಗಂತೂ ಗೊತ್ತಾಗಲೇಬಾರದು. ಅಪ್ಪ ಯಾವಾಗಲೂ ಏನೋ ಮೆಲ್ಲುತ್ತಿರುತ್ತಾನೆ ಎಂದು ಅವಳು ಬೈಯುತ್ತಿದ್ದಳು; ಇವರು ತೆಪ್ಪಗೆ ಬೈಸಿಕೊಳ್ಳುತ್ತಿದ್ದರು.

ಈಚೆಗೆ ಜೆ.ಪಿ. ನಗರದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಅಂಜನಾ ಈ ಕೆನ್ನೆಯನ್ನು ಪರೀಕ್ಷಿಸಿ, ಹೊಟ್ಟೆಯ ಕೊಬ್ಬು ತೆಗೆದು ಕೆನ್ನೆಗೆ ತುಂಬಬಹುದು ಎಂದರು. ಎಷ್ಟು ತುಂಬಬೇಕೆಂದು ತಿಳಿಯಲು ಮೊದಲು ತ್ರೀಡಿ ಕ್ಯಾಮೆರಾದಲ್ಲಿ ಮುಖದ ಫೋಟೋ ತೆಗೆಯಬೇಕು. ಕಂಪ್ಯೂಟರು ಎರಡೂ ಕೆನ್ನೆಗಳನ್ನು ಹೋಲಿಸಿ ಉಬ್ಬುತಗ್ಗುಗಳ ಅಳತೆ ಕೊಡುತ್ತದೆ. ಇಷ್ಟೆಲ್ಲ ವಿವರದಲ್ಲಿ ಮರುಳಸಿದ್ದಪ್ಪನವರ ತಲೆಯಲ್ಲಿ ಉಳಿದದ್ದು ಫೋಟೋ ಒಂದೇ.

ಫೋಟೋ ಎಂದ ಮೇಲೆ ಕೇಳಬೇಕೆ! ಗಡ್ಡ ಹೆರೆದರು, ಇಸ್ತ್ರಿ ಶರ್ಟು ಹಾಕಿದರು, ಎಂದಿಗಿಂತ ದಪ್ಪನೆಯ ಕೊಬ್ಬರಿ ಕೆತ್ತಿ ಕೆನ್ನೆಗೆ ಸೇರಿಸಿದರು. ಹಳೇ ಆಪರೇಷನ್ನಿನ ಚೆಕಪ್ ಎಂದು ಮನೆಯಲ್ಲಿ ಹೇಳಿದ್ದಕ್ಕೆ, ಸ್ಪಂದನಾ ಕಾಲೇಜಿಗೆ ಚಕ್ಕರ್ ಹಾಕಿ ಜೊತೆಗೆ ಹೊರಟೇಬಿಟ್ಟಳು.

ಟೆಕ್ನಿಷಿಯನ್ ಹುಡುಗಿ ಅವರನ್ನು ಕುರ್ಚಿಯಲ್ಲಿ ಕೂರಿಸಿ, "ನೇರ ನೋಡಿ ಸಾರ್, ಅಲ್ಲಾಡ್ಬೇಡಿ" ಎಂದಳು. ಎರಡೂ ಕಡೆಯಿಂದ ಬೆಳಕು ಚಕ್ಕನೆ ಮಿಂಚಿತು. ಅಷ್ಟೇ.

ಪಕ್ಕದ ಕೋಣೆಯಲ್ಲಿ ಅಪ್ಪ ಮಗಳನ್ನು ಎದುರಿಗೆ ಕೂರಿಸಿಕೊಂಡು ಅಂಜನಾ ಪರದೆಯ ಮೇಲಿನ ಮುಖವನ್ನು ಆಕಡೆ ಈಕಡೆ ತಿರುಗಿಸಿ ನೋಡಿದರು. ತಗ್ಗಿದ್ದರೆ ನೀಲಿ, ಉಬ್ಬಿದ್ದರೆ ಕೆಂಪು. ಬಲಗೆನ್ನೆ ಕೆಂಪಗಿತ್ತು.

"ಹೋದ್ ತಿಂಗ್ಳು ನಾನೇ ಮುಟ್ಟಿ ನೋಡಿದ್ದೆ, ಗುಳಿ ಇತ್ತು. ಈಗ ನೋಡಿದ್ರೆ ಊದಿದೆ. ಸರ್ಜರಿ ಈಗ ಬೇಡ ಸಾರ್. ಗೆಡ್ಡೆ ವಾಪಸ್ ಬಂದಿದ್ಯಾ ಅಂತ ಮೊದ್ಲು ನೋಡ್ಬೇಕು."

ಸ್ಪಂದನಾ ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. "ಅಪ್ಪಾ..." ಎಂದಳು.

ಆ ಗೆಡ್ಡೆ ಯಾವುದೆಂದು ಮರುಳಸಿದ್ದಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಸುಮ್ಮನಿದ್ದು ಮನೆಗೆ ಹೋದರೆ ಮಾನ ಉಳಿಯುತ್ತದೆ, ಆದರೆ ಈ ಕೂಸು ಅಳುತ್ತಾ ಕೂರುತ್ತದೆ. ಥೂ, ಎಂಥಾ ಮಾನ! ಎರಡು ಬೆರಳು ಬಾಯಿಗೆ ಹಾಕಿ ಕೊಬ್ಬರಿ ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟೇಬಿಟ್ಟರು. ಕೆನ್ನೆ ಒಳಕ್ಕೆ ಕುಸಿಯಿತು.

"ಇದೇ ಮೇಡಂ, ಗೆಡ್ಡೆ. ಫೋಟೋ ಅಂದ್ರಲ್ಲ, ಚೆನ್ನಾಗ್ ಬರ್ಲಿ ಅಂತ..."

"ಅಯ್ಯೋ ದೇವ್ರೇ!" ಅಂಜನಾ ಹಣೆ ಚಚ್ಚಿಕೊಂಡರು. "ನಾನಿಲ್ಲಿ ಬಯಾಪ್ಸಿಗೆ ಬರೀತಿದ್ದೀನಿ!"

ಮರುಳಸಿದ್ದಪ್ಪನವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಸ್ಪಂದನಾ ಕುರ್ಚಿ ಸುತ್ತಿ ಬಂದು ಅದೇ ಕಡೆ ನಿಂತಳು. ಬರಿಗೆನ್ನೆಯನ್ನು ಕಣ್ತುಂಬ ನೋಡಿದಳು.

"ಇಷ್ಟ್ ವರ್ಷ ಇದನ್ನ ಇಟ್ಕೊಂಡೇ ನನ್ ಜೊತೆ ಮಾತಾಡ್ತಿದ್ಯಾ? ನೋಯ್ತಿರ್ಲಿಲ್ವಾ ಅಪ್ಪಾ?"

"ನೋಯ್ತಿತ್ತು ಮಗಳೇ" ಎಂದರು. ಈ ಮಾತನ್ನು ಅವರು ಬಸವಲಿಂಗಮ್ಮನಿಗೂ ಹೇಳಿರಲಿಲ್ಲ.

ಅವತ್ತೇ ಮತ್ತೊಮ್ಮೆ ಚಿತ್ರ ತೆಗೆದರು. ಈ ಸಲ ಬಲಗೆನ್ನೆ ಕಡುನೀಲಿ. ಆ ಅಳತೆಯಂತೆ ಕೊಬ್ಬು ತುಂಬಿದರು. ಒಂದೇ ಸಲಕ್ಕೆ ಸಾಲದೆ ಎರಡು ಸಲ ತುಂಬಬೇಕಾಯಿತು.

ಊತವೆಲ್ಲ ಇಳಿದ ಮೇಲೆ, ಕೆನ್ನೆ ಎಷ್ಟು ತುಂಬಿದೆ ಎಂದು ಅಳೆಯಲು ಪುನಃ ಅದೇ ಕ್ಯಾಮೆರಾ ಮುಂದೆ ಕೂರಿಸಿದರು.

"ಸಾರ್, ನಗ್ಬೇಡಿ. ನಕ್ರೆ ಅಳತೆ ತಪ್ಪುತ್ತೆ" ಎಂದಳು ಹುಡುಗಿ.

ಅವರು ಮುಖ ಬಿಗಿಹಿಡಿದರು. ಬಾಗಿಲಲ್ಲಿ ನಿಂತಿದ್ದ ಸ್ಪಂದನಾ ಕಣ್ಣಿಗೆ ಬಿದ್ದಳು, ಮತ್ತೆ ನಕ್ಕರು. ಬಾಯಲ್ಲಿ ಕೊಬ್ಬರಿ ಇಟ್ಟುಕೊಂಡವರು ಬಾಯ್ತುಂಬ ನಗುವುದುಂಟೆ? ಅಷ್ಟೂ ವರ್ಷದ ನಗು ಒಳಗೇ ಇತ್ತು. ಹುಡುಗಿ ರೇಗಿ ಸ್ಪಂದನಾಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು. ಆಗಲೂ ನಗು ನಿಲ್ಲಲಿಲ್ಲ.