ರಾಣಿಯ ಶ್ರುತಿಗೆ ತವರದ ಹನಿ

ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಹುಣಸೆಮರದಡಿ ಸೊಣ್ಣಪ್ಪನ ಕುಲುಮೆ ಆಗಲೇ ಕೆಂಪೇರಿದೆ. ಹೆಂಡತಿ ವೆಂಕಟರತ್ನಮ್ಮ ತಿದಿ ಒತ್ತುತ್ತಾಳೆ, ಒತ್ತುತ್ತಲೇ ಏನೋ ಗುನುಗುತ್ತಾಳೆ. ಸೊಣ್ಣಪ್ಪ ಕಲಾಯಿ ಹಾಕುವವನು. ಸುತ್ತಲಿನ ಊರುಗಳ ಹಿತ್ತಾಳೆ ಪಾತ್ರೆಗಳೆಲ್ಲ ಇವನ ಕೈಯಲ್ಲೇ ಬೆಳ್ಳಗಾಗಬೇಕು. ನಿನ್ನೆಯಿಂದ ಮಾತ್ರ ಕುಲುಮೆಯ ಮುಂದೆ ಬಿಚ್ಚಿ ಹರಡಿರುವುದು ಒಂದು ಹಳೆಯ ಅಕಾರ್ಡಿಯನ್.

ಎದೆಗೆ ತಗುಲಿಹಾಕಿಕೊಂಡು ನುಡಿಸುವ ಈ ಪೆಟ್ಟಿಗೆ ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬರದು. ಅವರು ಯುದ್ಧಕ್ಕೆ ಹೊರಟಾಗ ರಾಮಚಂದ್ರಪ್ಪನವರ ನಾಟಕ ಕಂಪನಿಯ ಪಾಲಾಯಿತು. ಕಂಪನಿಯ ಹಾರ್ಮೋನಿಯಂ ಅನ್ನು ಇಲಿಗಳು ತಿಂದು ತೇಗಿವೆ, ಇನ್ನು ಇದೇ ಗತಿ. ಆದರೆ ಇದರ ಸ್ವರ ಕೀರಲು, ಶ್ರುತಿ ಏರು. ವರ್ಷಗಟ್ಟಲೆ ರಾಣಿಯ ಪಾತ್ರ ಕಟ್ಟಿದ ಕದಿರೇಶನ ಗಂಟಲು ಈಗ ಅಷ್ಟು ಮೇಲಕ್ಕೆ ಏರುವುದಿಲ್ಲ. ಶನಿವಾರ ಶ್ರೀನಿವಾಸಪುರದಲ್ಲಿ ಆಟ. ಅಷ್ಟರಲ್ಲಿ ಶ್ರುತಿ ಕೂಡದಿದ್ದರೆ ರಾಣಿಯ ಸೀರೆ ಬೇರೆಯವನಿಗೆ ಎಂದು ರಾಮಚಂದ್ರಪ್ಪನವರು ಹೇಳಿಬಿಟ್ಟಿದ್ದಾರೆ. ಕದಿರೇಶ ಪೆಟ್ಟಿಗೆ ಹೊತ್ತು ಸೀದಾ ಇಲ್ಲಿಗೆ ಬಂದಿದ್ದಾನೆ.

ಒಳಗೆ ಗಾಳಿಗೆ ಕಂಪಿಸಿ ಸ್ವರ ಹೊರಡಿಸುವ ಉಕ್ಕಿನ ಪುಟ್ಟ ನಾಲಿಗೆಗಳ ಸಾಲು. "ತುದಿ ಭಾರ ಆದ್ರೆ ಸ್ವರ ಇಳೀತದೆ ಸ್ವಾಮಿ," ಎನ್ನುತ್ತಾನೆ ಸೊಣ್ಣಪ್ಪ, ಕೆಲಸ ನೋಡಲು ಬಂದು ಪಕ್ಕದಲ್ಲಿ ಕೂತ ನನಗೆ. ಭಾರಕ್ಕೆ ಕಲಾಯಿಯ ತವರ ಇದ್ದೇ ಇದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದೇ? ನಿನ್ನೆ ಮೊದಲ ನಾಲಿಗೆಗೆ ಪಾತ್ರೆಗೆ ಹಾಕಿದಂತೆ ಮೈಯೆಲ್ಲ ಕಲಾಯಿ ಹಾಕಿದ. ಥಳಥಳ ಹೊಳೆಯಿತು, ಸ್ವರ ಮಾತ್ರ ಹೊರಡಲಿಲ್ಲ.

"ಏಮಯ್ಯಾ, ಇದೇನು ಮದ್ವೆಮನೆ ಚೊಂಬಾ?" ಎಂದು ವೆಂಕಟರತ್ನಮ್ಮ ಬಿದ್ದು ಬಿದ್ದು ನಕ್ಕಳಂತೆ. ಕದಿರೇಶನಿಗೆ ಅಳುವೇ ಬಂತು. "ಅಣ್ಣಾ, ಇನ್ನ ನಂಗೆ ಬಾಗ್ಲು ಕಾಯೋನ ಪಾರ್ಟೇ ಗತಿ!"

ಅದನ್ನೆಲ್ಲ ಕೆರೆದು ತೆಗೆದು, ಸೊಣ್ಣಪ್ಪ ಈಗ ತುದಿಗಷ್ಟೇ ಸಾಸಿವೆಕಾಳಿನಷ್ಟು ತವರ ಕೂರಿಸುತ್ತಿದ್ದಾನೆ. ಬಾಯಲ್ಲಿ ಊದುತ್ತಾನೆ, ಹೆಂಡತಿಯ ಮುಖ ನೋಡುತ್ತಾನೆ. "ಇನ್ನೊಂಚೂರು," ಎನ್ನುತ್ತಾಳೆ ಆಕೆ. ಒಂದೊಂದು ಸ್ವರಕ್ಕೆ ಎರಡೆರಡು ನಾಲಿಗೆ. ಎರಡೂ ಒಂದೇ ಮಾತಾಡದೆ ಇರುವುದರಿಂದಲೇ ಆ ಕೀರಲು. ಅವನ್ನೂ ಅರದಿಂದ ಉಜ್ಜಿ ಒಂದು ಮಾಡಬೇಕು.

"ನಂಗೆ ಶ್ರುತಿಗಿರುತಿ ತಿಳೀದು. ಕೈ ನಂದು, ಕಿವಿ ಅವಳ್ದು," ಎಂದು ನಗುತ್ತಾನೆ. ವೆಂಕಟರತ್ನಮ್ಮ ರಾಯಲ್ಪಾಡಿನ ಭಜನೆಗಾರರ ಮಗಳು, ತಂಬೂರಿಯ ಪಕ್ಕದಲ್ಲೇ ಮಲಗಿ ಬೆಳೆದವಳು. ಯುದ್ಧ ಬಂದ ಮೇಲೆ ತವರ ಸಿಗುವುದೇ ಕಷ್ಟವಾಗಿದೆ. ಸಿಕ್ಕಷ್ಟರಲ್ಲೇ ಇಬ್ಬರೂ ತಿದಿ ಹೊತ್ತು ಊರೂರು ಸುತ್ತುತ್ತಾರೆ. ಇದ್ದ ಚೂರು ತವರವೂ ಈಗ ಪೆಟ್ಟಿಗೆ ಸೇರಿದೆ, ಅದರ ಚಿಂತೆ ಇಬ್ಬರ ಮುಖದಲ್ಲೂ ಇಲ್ಲ.

ಶನಿವಾರ ಶ್ರೀನಿವಾಸಪುರ. ಗಂಡ ಹೆಂಡತಿ ಮತ್ತು ನಾನು, ಮೂವರೂ ಚಪ್ಪರದ ಹಿಂದೆ ಕೂತಿದ್ದೇವೆ. ಪೆಟ್ಟಿಗೆ ದನಿಯೆತ್ತುತ್ತದೆ, ಗಂಭೀರವಾಗಿ, ತುಂಬಿಕೊಂಡು. ಸೀರೆಯುಟ್ಟ ಕದಿರೇಶ ಹಾಡುತ್ತಾನೆ, ದನಿ ಎಲ್ಲೂ ಸೀಳುವುದಿಲ್ಲ. "ಒನ್ಸ್ ಮೋರ್!" ಎಂದು ಜನ ಕೂಗುತ್ತಾರೆ. ಸೊಣ್ಣಪ್ಪ ಹೆಂಡತಿಯ ತೊಡೆಗೆ ತಟ್ಟಿಬಿಟ್ಟು ನಾಚಿಕೊಳ್ಳುತ್ತಾನೆ.

ಆಟ ಮುಗಿದ ಮೇಲೆ ರಾಮಚಂದ್ರಪ್ಪನವರು ಗ್ಯಾಸ್‌ಲೈಟು ಕೊಟ್ಟವರಿಗೂ ವಂದನೆ ಹೇಳುತ್ತಾರೆ, ಇವರ ಸುದ್ದಿಯೇ ಇಲ್ಲ. ನನಗೆ ಸಿಟ್ಟೇ ಬರುತ್ತದೆ. "ನಿಮಗೆ ಬೇಜಾರಿಲ್ಲವೇನಮ್ಮ?" ಎನ್ನುತ್ತೇನೆ.

"ಕಲಾಯಿ ಚೆನ್ನಾಗಿದ್ರೆ ಉಂಡೋರು ಸಾರು ಚೆನ್ನಾಗೈತೆ ಅಂತಾರೆ ಸ್ವಾಮಿ," ಎಂದು ವೆಂಕಟರತ್ನಮ್ಮ ಸೆರಗು ಕೊಡವಿ ಏಳುತ್ತಾಳೆ. "ಕೆಟ್ಟಾಗ್ಲೇ ಕಲಾಯಿನೋರು ನೆನಪಾಗೋದು. ಇವತ್ತು ನಾವು ಯಾರ್ಗೂ ನೆನಪಾಗ್ಲಿಲ್ಲ, ನೋಡಿದ್ರಾ?"