ಸೀಟಿ ಊದಿದ ಸೇವೆ

ಕೊಂಕಲ್ಲಿನ ಪ್ರವೀಣಕುಮಾರನಿಗೆ ಹದಿನಾರು ವರ್ಷ. ಸ್ಕೌಟ್ ಹುಡುಗರಿಗೆ ಸಿಗುವ ರಾಷ್ಟ್ರಪತಿ ಪುರಸ್ಕಾರ ಅವನ ಶಾಲೆಯಲ್ಲಿ ಯಾರಿಗೂ ಬಂದಿರಲಿಲ್ಲ. ತನಗೆ ಬರಲೇಬೇಕೆಂದು ಹಟ ಹಿಡಿದಿದ್ದ. ಅದಕ್ಕೆ ಊರಿನ ಸೇವೆ ಮಾಡಿ ತೋರಿಸಬೇಕು. ಸ್ಕೌಟ್ ಮಾಸ್ತರ್ ಬಸವಂತ್ರಾಯರು ಕೈಗೊಂದು ಸೀಟಿ ಕೊಟ್ಟು, "ನಸುಕಿನ್ಯಾಗ ನೀರಿನ ಚರಿಗಿ ಹಿಡ್ಕೊಂಡು ಬಯಲಿಗಿ ಬರೋರನ್ನ ಕಂಡ್ರ ಊದು. ನಾಚಿಕಿ ಬಂದು ಬಿಡ್ತಾರ" ಎಂದರು. ಎಂಥ ಸುಲಭದ ಸೇವೆ ನೋಡಿ!

ಊದಿದ. ರಸ್ತೆ ಪಕ್ಕದ ಜಾಲಿ ಮರೆಯಲ್ಲಿ ಕೂತ ಹೆಂಗಸರು ದಡಬಡಿಸಿ ಎದ್ದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮನೆಗೊಂದು ಸಂಡಾಸು ಕಟ್ಟಿಸಿದ್ದೇನೋ ನಿಜ. ನೀರಿಲ್ಲದ ಅದರೊಳಗೆ ಹತ್ತಿಕಟ್ಟಿಗೆ ಒಟ್ಟಿದ್ದರು. ಅದನ್ನು ಕೇಳುವವರು ಯಾರು? ಇಪ್ಪತ್ತು ದಿನಕ್ಕೆ ಜಾಲಿ ಮರೆ ಖಾಲಿಯಾಯಿತು. "ಈಗ ಹೆಣ್ಣುಮಕ್ಕಳು ಯಾರೂ ಬಯಲಿಗೆ ಬರುತ್ತಿಲ್ಲ" ಎಂದು ಹುಡುಗ ಸೇವಾ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದ.

ಆ ವಾರವೇ ಅವನ ಅಜ್ಜಿ ತಿಮ್ಮವ್ವ ಒಲೆಯ ಮುಂದೆ ತಲೆ ಸುತ್ತಿ ಬಿದ್ದಳು. ಸಲೈನ್ ಹಚ್ಚಿದ ಡಾಕ್ಟರು, ನೀರು ಕುಡಿಯುವುದಿಲ್ಲವೇ ಎಂದು ಗದರಿದರು.

"ಹೊತ್ತು ಮುಳುಗಿದ ಮ್ಯಾಲ ನೀರೂ ಇಲ್ಲ, ರೊಟ್ಟೀನೂ ಇಲ್ಲ," ಎಂದಳು ಮುದುಕಿ ಮೊಮ್ಮಗನಿಗೆ. "ಓಣ್ಯಾಗ ಎಲ್ಲಾರೂ ಹಂಗೇ ಮಾಡಾಕತ್ತೀವಿ. ಉಂಡ್ರ ಮುಂಜಾನಿ ಹೋಗಬೇಕಲ್ಲೋ. ಹೋದ್ರ ನೀ ಊದ್ತಿ."

ಪ್ರವೀಣ ಅಂದೇ ಸೀಟಿ ಊದುವುದನ್ನು ಬಿಟ್ಟ. ಪುಸ್ತಕ ತೆಗೆದು ಆ ಸಾಲಿನ ಕೆಳಗೆ, "ಏಕೆಂದರೆ ಅವರು ರಾತ್ರಿ ಉಣ್ಣುತ್ತಿಲ್ಲ" ಎಂದು ಬರೆದ. ಮಾಸ್ತರರು ಓದಿ ಕನ್ನಡಕ ತೆಗೆದರು.

"ತಮ್ಮಾ, ಇದು ದಿಲ್ಲಿಗಿ ಹೋಗೋ ಪುಸ್ತಕ. ಕಡೀ ಸಾಲು ಹೊಡದಹಾಕು. ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ."

ಹುಡುಗ ಅರ್ಧ ತಾಸು ಪೆನ್ನು ಹಿಡಿದು ಕೂತ. ಆಮೇಲೆ ಹೊಡೆದುಹಾಕಿದ. ಆಸೆ ಬಹಳ ಕೆಟ್ಟದ್ದು.

ಸೀಟಿ ನಿಂತಿದ್ದರಿಂದ ಓಣಿಯ ಹೆಂಗಸರು ಮತ್ತೆ ಉಣ್ಣತೊಡಗಿದರು. ಮರುವರ್ಷ ಪುರಸ್ಕಾರವೂ ಬಂತು, ಶಾಲೆಯಲ್ಲಿ ಶಾಲು ಹೊದಿಸಿದರು. ಅದೇ ವೇದಿಕೆಯ ಮೇಲೆ ಮಾಸ್ತರರು, ಪ್ರವೀಣನ ಹಾದಿಯಲ್ಲೇ ನಡೆಯಿರಿ ಎಂದು ಇನ್ನೂ ನಾಲ್ವರು ಹುಡುಗರಿಗೆ ಹೊಸ ಸೀಟಿ ಹಂಚಿದರು. ಪ್ರವೀಣ ಶಾಲು ಹೊದ್ದು ಪಕ್ಕದಲ್ಲೇ ನಿಂತಿದ್ದ.

ಮರುದಿನ ನಸುಕಿನಲ್ಲಿ ತಿಮ್ಮವ್ವ ಚರಿಗೆ ಹಿಡಿದು ಹೊಸ್ತಿಲು ದಾಟುವಷ್ಟರಲ್ಲಿ ರಸ್ತೆ ಕಡೆಯಿಂದ ಸೀಟಿ ಕೇಳಿತು. ಅವಳು ಅಲ್ಲೇ ನಿಂತಳು.

"ಅದು ನಾನಲ್ಲ, ಆಯಿ," ಎಂದ ಪ್ರವೀಣ.

"ಗೊತ್ತೈತಿ. ಆ ಹುಡುಗರೂ ನಿನ್ನಂಗ ಆಗಬೇಕಲ್ಲಪಾ," ಎಂದು ತಿಮ್ಮವ್ವ ಚರಿಗೆಯ ನೀರನ್ನು ಬಾಗಿಲಲ್ಲೇ ಚೆಲ್ಲಿ ಒಳಗೆ ಬಂದಳು.